ಪೆನ್‌ಡ್ರೈವ್ ಹಾಕಿದ್ರ ಎಲ್ಲಾ ಶಾರ್ಟ್‌ಕಟ್, ಆಂಟಿವೈರಸ್ ಮಾತ್ರ ಏನೂ ಇಲ್ಲ ಅಂತೈತಿ

ಸಿಂಧನೂರು_ಝೆರಾಕ್ಸ್:
ನಮಸ್ಕಾರ್ರಿ. ಸಿಂಧನೂರಾಗ ತಹಶೀಲ್ ಆಫೀಸ್ ಹತ್ರ ನಂದೊಂದು ಝೆರಾಕ್ಸ್, ಟೈಪಿಂಗ್ ಅಂಗಡಿ. ಗಿರಾಕಿ ಪೆನ್‌ಡ್ರೈವ್ ಚುಚ್ಚಿದ ಕೂಡ್ಲೆ ಒಳಗಿನ ಫೋಲ್ಡರೆಲ್ಲ ಮಾಯ. ಅವೇ ಹೆಸರಿನ ಶಾರ್ಟ್‌ಕಟ್ ಅಷ್ಟ ಉಳಿತಾವ. ನಿನ್ನೆ ಮದುವಿ ಕಾರ್ಡಿನ ಮ್ಯಾಟರ್ ತಂದಾತ ಬಾಗಿಲಾಗ ನಿಂತು ಊರಿಗೆಲ್ಲ ಕೇಳಂಗ ಕೂಗಾಡಿ ಹೋದ. ವಿಂಡೋಸ್ ಜೊತಿಗೇ ಬರೋ ಆಂಟಿವೈರಸ್ ಡಿಫೆಂಡರ್‌ನಾಗ ಫುಲ್ ಸ್ಕ್ಯಾನ್ ಹಚ್ಚಿದ್ರ ಹಸಿರು ಟಿಕ್ ತೋರಿಸಿ ಸುಮ್ನಾಗ್ತೈತಿ. ಫಾರ್ಮ್ಯಾಟ್ ಬ್ಯಾಡ್ರಿ, ಕನ್ನಡ ಟೈಪಿಂಗಿನ ನುಡಿ, ಪುಟ ಜೋಡಿಸೋ ಪೇಜ್‌ಮೇಕರ್ ಎಲ್ಲಾ ಹಳೇವು ಅದಾವ, ಮತ್ತ ಕುಂದ್ರಿಸೋದು ದೊಡ್ಡ ರಾಮಾಯಣ. ವಿಂಡೋಸ್ 10.

ಗಂಗಾವತಿ_ಪಿಸಿ:
ಫಾರ್ಮ್ಯಾಟ್ ಹೊಡ್ದು ಆರಾಮಿರ್ರಿ ಅಣ್ಣಾ.

ರಾಯಚೂರು_ಸರ್ವಿಸ್:
ಫಾರ್ಮ್ಯಾಟ್ ಹೊಡ್ದು ಅದೇ ಪೆನ್‌ಡ್ರೈವ್ ಮತ್ತ ಚುಚ್ಚಿದ್ರ ಏನು ಬಂತ್ರಿ?

ಮೊದ್ಲು ಗಿರಾಕಿಗೆ ಧೈರ್ಯ ಹೇಳ್ರಿ, ಫೈಲು ಬಹುಶಃ ಎಲ್ಲೂ ಹೋಗಿಲ್ಲ. ಈ ಜಾತಿ ವೈರಸ್ ಫೋಲ್ಡರಿಗೆ ಹಿಡನ್, ಸಿಸ್ಟಂ ಅಂತ ಗುರುತು ಹಾಕಿ ಮುಚ್ಚಿಡ್ತೈತಿ. ಶಾರ್ಟ್‌ಕಟ್ ಒತ್ತಿದ್ರ ಫೋಲ್ಡರೂ ತೆರಿತೈತಿ, ಹಿಂದ ವೈರಸ್ಸೂ ಓಡ್ತೈತಿ. ಅದಕ್ಕ ಯಾರಿಗೂ ಸಂಶಯ ಬರಂಗಿಲ್ಲ.

ಟಾಸ್ಕ್ ಮ್ಯಾನೇಜರ್‌ನಾಗ ಡೀಟೇಲ್ಸ್ ನೋಡ್ರಿ. ಡಬ್ಲ್ಯುಸ್ಕ್ರಿಪ್ಟ್ ಅಂತ ಓಡ್ಲಿಕತ್ತಿದ್ರ ಬಹುಶಃ ಅಲ್ಲೇ ಕಳ್ಳ ಅದಾನ. ಅದು ಸ್ಕ್ರಿಪ್ಟ್ (ಕಮಾಂಡ್ ಬರೆದಿಟ್ಟ ಫೈಲ್) ಓಡಿಸೋ ಮೈಕ್ರೋಸಾಫ್ಟಿನದ ಪ್ರೋಗ್ರಾಂ, ಅದಕ್ಕ ಆಂಟಿವೈರಸ್ ಅದನ್ನ ಹಿಡಿಯಂಗಿಲ್ಲ. ಅದ್ರ ಕೈಲಿ ಯಾವ ಫೈಲ್ ಕೊಟ್ಟಾರ ಅನ್ನೋದು ಮುಖ್ಯ. ಕಮಾಂಡ್ ಲೈನ್ ಅನ್ನೋ ಕಾಲಂ ತೆರೆದ್ರ ದಾರಿ ಕಾಣ್ತೈತಿ, ಸಾಮಾನ್ಯವಾಗಿ ಆ್ಯಪ್‌ಡೇಟಾ ಇಲ್ಲಾ ಟೆಂಪ್ ಫೋಲ್ಡರ್ ಒಳಗಿನ ವಿಬಿಎಸ್ ಅನ್ನೋ ಸ್ಕ್ರಿಪ್ಟ್ ಫೈಲ್. ದಾರಿ ಬರ್ಕೊಂಡು ಮೊದ್ಲು ಎಂಡ್ ಟಾಸ್ಕ್, ಆಮ್ಯಾಲ ಡಿಲೀಟ್. ತಿರುವಿ ಮಾಡಿದ್ರ ಓಡೋ ಸ್ಕ್ರಿಪ್ಟು ಫೈಲನ್ನ ಮತ್ತ ಹುಟ್ಟಿಸ್ತೈತಿ.

ಬೂಟ್ ಆದಾಗ ಅದನ್ನ ಎಬ್ಬಿಸೋದು ಯಾರು ಅಂತನೂ ಹುಡುಕ್ರಿ. ಸ್ಟಾರ್ಟಪ್ ಫೋಲ್ಡರ್, ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಕೊಳ್ಳೋ ರಿಜಿಸ್ಟ್ರಿಯ ರನ್ ಕೀ, ಟಾಸ್ಕ್ ಶೆಡ್ಯೂಲರ್, ಮೂರೂ ಕಡಿ. ಮೈಕ್ರೋಸಾಫ್ಟ್ ಸಿಸ್ಇಂಟರ್ನಲ್ಸ್‌ನ ಆಟೋರನ್ಸ್ ಪುಕ್ಕಟೆ ಸಿಗ್ತೈತಿ, ಎಲ್ಲಾ ಒಂದೇ ಕಿಟಕಿಯಾಗ ತೋರಿಸ್ತೈತಿ. ಗೊತ್ತಿಲ್ಲದ್ದನ್ನ ಅಳಿಸಬ್ಯಾಡ್ರಿ, ಬರೇ ಟಿಕ್ ತೆಗೀರಿ.

ನಂಗ ಇನ್ನೊಂದು ಸಂಶಯ ಐತಿ. ಡಿಫೆಂಡರ್‌ನ ಸೆಟ್ಟಿಂಗ್ಸ್ ಕೆಳಗ ಎಕ್ಸ್‌ಕ್ಲೂಷನ್ಸ್ ಅಂತ ಇರ್ತೈತಿ, ತೆರೆದು ನೋಡ್ರಿ. ಅಲ್ಲಿ ಬರೆದ ಜಾಗಕ್ಕ ಅದು ಕಾಲಿಡಂಗಿಲ್ಲ.

ಪೆನ್‌ಡ್ರೈವಿಗೆ ಕೊನಿಗೆ ಕಮಾಂಡ್ ಪ್ರಾಂಪ್ಟ್ ಒಳಗ ಆ ಹಿಡನ್, ಸಿಸ್ಟಂ ಗುರುತು ತೆಗೆಯೋ ಅಟ್ರಿಬ್ ಕಮಾಂಡ್ ಹೊಡೀರಿ: ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಜೊತಿಗೆ ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ. ಡ್ರೈವಿನ ಅಕ್ಷರ ತಪ್ಪಿ ಸಿ ಅಂತ ಹಾಕಬ್ಯಾಡ್ರಿ.

ಸಿಂಧನೂರು_ಝೆರಾಕ್ಸ್:
ಅಣ್ಣಾರ, ಎಕ್ಸ್‌ಕ್ಲೂಷನ್ಸ್‌ನಾಗ ಇಡೀ ಸಿ ಡ್ರೈವ್ ಐತ್ರಿ! ಅದಕ್ಕ ಹಸಿರು ಟಿಕ್! ಹಿಂದ ವಿಂಡೋಸ್ ಹಾಕಿಕೊಟ್ಟಾತ ಆಕ್ಟಿವೇಟರ್ (ರೊಕ್ಕ ಕೊಡದ ವಿಂಡೋಸ್ ಚಾಲೂ ಮಾಡೋ ಕಳ್ಳ ಸಾಫ್ಟ್‌ವೇರ್) ಸಲುವಾಗಿ ಡಿಫೆಂಡರ್ ಬಂದ್ ಮಾಡಿದ್ದ, ಅವನೋ ವೈರಸ್ಸೋ ದೇವರಿಗೇ ಗೊತ್ತು. ತೆಗೆದು ಸ್ಕ್ಯಾನ್ ಹಚ್ಚಿದೆ, ವಿಬಿಎಸ್ ಸಿಕ್ತು, ಆಕ್ಟಿವೇಟರೂ ಸಿಕ್ತು. ಮದುವಿ ಕಾರ್ಡ್ ವಾಪಸ್ ಬಂತು.

ರಾಯಚೂರು_ಸರ್ವಿಸ್:
ಛಲೋ ಆತು. ಈಗ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಒಂದು ಹಚ್ರಿ, ರೀಸ್ಟಾರ್ಟ್ ಆಗಿ ವಿಂಡೋಸ್ ಪೂರಾ ಏಳೋಕ ಮೊದ್ಲೇ ಹುಡುಕ್ತೈತಿ, ಸುಮಾರು 15 ನಿಮಿಷ.

ಕೊಪ್ಪಳ_ಅಕ್ಕ:
ಆ ಸಿಸ್ಟಂನಾಗ ಗಿರಾಕಿಗಳ ಪಹಣಿ, ಆದಾಯ ಪ್ರಮಾಣಪತ್ರ ತೆಗಿತಿದ್ರಿ ಅಂದ್ರ ಲಾಗಿನ್ ಪಾಸ್‌ವರ್ಡ್ ಎಲ್ಲಾ ಬದಲಿ ಮಾಡ್ರಿ, ಅದೂ ಬ್ಯಾರೆ ಮಷೀನಿನಿಂದ. ಕ್ರೋಮ್‌ನಾಗ ಸೇವ್ ಮಾಡಿಟ್ಟಿದ್ದು ಕದಿಯೋ ವೈರಸ್ಸೂ ಇರ್ತಾವ. ವಿಂಡೋಸ್ 10ಕ್ಕ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗಿದೈತಿ, ಅದನ್ನೂ ನೋಡ್ಕೊಳ್ರಿ.

ಸಿಂಧನೂರು_ಝೆರಾಕ್ಸ್:
ಪಾಸ್‌ವರ್ಡ್ ಮೊಬೈಲ್‌ನಾಗ ಬದಲಿ ಮಾಡಾಕತ್ತೀನಿ ಅಕ್ಕಾರ. ವಿಂಡೋಸ್ 11ಕ್ಕ ಹಳೇ ನುಡಿ ಓಡ್ತೈತೇನ್ರಿ? ಯಾರಾದ್ರೂ ಹಾಕಿದ್ರ ತಿಳಿಸ್ರಿ.