ಚೆನ್ನೆಮಣೆಯಲ್ಲಿ ‘ಟರ್ನ್’ಗೆ ನಿಮ್ಮ ಮನೆಯಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಮಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಹೊಸ ಕಂಪ್ಯೂಟರ್ ತಗೊಂಡಿದ್ದಾನೆ. ಬಾಹ್ಯಾಕಾಶದಲ್ಲಿ ರಾಜ್ಯ ಕಟ್ಟುವ ಆಟಗಳಲ್ಲಿ ಯಾವುದು ಆಗಬಹುದು ಮಾವ ಎಂದು ಕೇಳಿದ. ನಾನು ಆಡಿರುವ ಎರಡು ಆಟಗಳನ್ನು, ಸ್ಟೆಲ್ಲಾರಿಸ್ (2016) ಮತ್ತು ಎಂಡ್‌ಲೆಸ್ ಸ್ಪೇಸ್ 2 (2017), ಹೋಲಿಸಿ ಕನ್ನಡದಲ್ಲೇ ಎರಡು ಪುಟ ಬರೆದುಕೊಡೋಣ ಎಂದು ಕೂತೆ. ಮೂರನೇ ಸಾಲಿಗೇ ಪದ ಸಿಗದೆ ನಿಂತೆ.

ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಹೊತ್ತಿನದು. ಸ್ಟೆಲ್ಲಾರಿಸ್‌ನಲ್ಲಿ 2200ನೇ ಇಸವಿಯಿಂದ ದಿನಗಳು ತಾವಾಗಿಯೇ ಉರುಳುತ್ತಾ ಹೋಗುತ್ತವೆ. ಎಂಡ್‌ಲೆಸ್ ಸ್ಪೇಸ್‌ನಲ್ಲಿ ಹಾಗಲ್ಲ. ನೀವು ಹಡಗು ಕಟ್ಟಿ, ಗ್ರಹ ಹಿಡಿದು, ನೆರೆಯವರ ಹತ್ತಿರ ಮಾತಾಡಿ, ಎಲ್ಲ ಮುಗಿಸಿ ಗುಂಡಿ ಒತ್ತಿದ ಮೇಲಷ್ಟೇ ಲೋಕ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆ ಒಂದು ಸುತ್ತಿಗೆ ಇಂಗ್ಲಿಷಿನಲ್ಲಿ ಟರ್ನ್. ನಮ್ಮಲ್ಲಿ?

‘ನಡೆ’ ಚದುರಂಗದ್ದು, ಒಂದು ಕಾಯಿ ಒಮ್ಮೆ ಸರಿದರೆ ಒಂದು ನಡೆ. ಇಲ್ಲಿ ಒಂದೇ ಟರ್ನ್‌ನಲ್ಲಿ ಇಪ್ಪತ್ತು ಕೆಲಸ ಇರುತ್ತವೆ. ‘ಪಾಳಿ’ ಎಂದರೆ ರಾತ್ರಿ ಪಾಳಿ ನೆನಪಾಗುತ್ತದೆ. ‘ಸರದಿ’ ಪರವಾಗಿಲ್ಲ, ಆದರೆ ನನಗೆ ರೇಷನ್ ಅಂಗಡಿಯ ಸಾಲು ಕಣ್ಣಿಗೆ ಬರುತ್ತದೆ.

ಆಗ ನೆನಪಾದದ್ದು ಚೆನ್ನೆಮಣೆ. ಉಡುಪಿಯ ಮನೆಯಲ್ಲಿ ಆಟಿ ತಿಂಗಳ ಮಳೆಗೆ ಕರೆಂಟು ಹೋದರೆ ದೊಡ್ಡಮ್ಮ ಅದನ್ನು ಅಟ್ಟದಿಂದ ಇಳಿಸುತ್ತಿದ್ದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಕಾಯಿ. ಒಂದು ಗುಳಿಯದ್ದನ್ನು ಬಾಚಿ ಒಂದೊಂದಾಗಿ ಹಾಕುತ್ತಾ ಹೋಗಬೇಕು. ಕೈ ಖಾಲಿಯಾದರೆ ಮುಂದಿನ ಗುಳಿಯದ್ದನ್ನು ಬಾಚಿ ಮತ್ತೆ ಹೊರಡಬೇಕು. ಮುಂದಿನ ಗುಳಿ ಬರಿದಾಗಿ ಸಿಗುವವರೆಗೂ ಕೈ ನಿಲ್ಲುವುದಿಲ್ಲ. ದೊಡ್ಡಮ್ಮ ಒಮ್ಮೆ ಶುರು ಮಾಡಿದರೆ ಎರಡು ಸುತ್ತು ಬರುತ್ತಿದ್ದರು, ನಾವು ಬಾಯಿ ಬಿಟ್ಟು ನೋಡುತ್ತಾ ಕೂರುತ್ತಿದ್ದೆವು. ಒಬ್ಬರದೇ ಕೈ, ಅದರೊಳಗೆ ಎಷ್ಟೋ ಕೆಲಸ. ನನಗೆ ಬೇಕಾದದ್ದು ಇದೇ ಅಲ್ವಾ?

ಆದರೆ ನಮ್ಮ ಮನೆಯಲ್ಲಿ ಅದಕ್ಕೆ ‘ಆಟ’ ಎಂದೇ ಹೇಳುತ್ತಿದ್ದದ್ದು. “ಈಗ ಯಾರ ಆಟ?” ಮಣೆಯ ಮುಂದೆ ಸರಿ, ಬರವಣಿಗೆಯಲ್ಲಿ ‘ಈ ಆಟದಲ್ಲಿ ಇನ್ನೂರು ಆಟ ಆದ ಮೇಲೆ’ ಎಂದು ಬರೆದರೆ ಓದುವವರ ಗತಿ? ಕುಂದಾಪುರದ ಗೆಳೆಯ ‘ಸರ್ತಿ’ ಎನ್ನುತ್ತಾನೆ, ‘ಒಂದ್ ಸರ್ತಿ, ಎರಡ್ ಸರ್ತಿ’ಯ ಸರ್ತಿ. ನನಗೆ ಇದು ಹಿಡಿಸಿದೆ. ‘ಸರ್ತಿಯಾಟ’ ಎಂದರೆ ಘಟ್ಟದ ಮೇಲಿನವರಿಗೆ ತಿಳಿಯುತ್ತದೆಯೇ? ಚೆನ್ನೆಮಣೆಗೆ ಅಳಗುಳಿ ಮಣೆ ಎನ್ನುವ ನಿಮ್ಮ ಕಡೆ ಏನು ಪದವಿದೆ?

ಇನ್ನೊಂದು ತೊಡಕು. ಸ್ಟೆಲ್ಲಾರಿಸ್ ತಾನಾಗಿ ಓಡುತ್ತದೆ ನಿಜ, ಆದರೆ ಸ್ಪೇಸ್ ಬಾರ್ ಒತ್ತಿದರೆ ನಿಲ್ಲುತ್ತದೆ. ನಿಂತಾಗಲೂ ಅಪ್ಪಣೆ ಕೊಡಬಹುದು. ತಾನಾಗಿ ಓಡುವುದಕ್ಕೆ ಇಂಗ್ಲಿಷಿನಲ್ಲಿ ರಿಯಲ್ ಟೈಮ್ ಎನ್ನುತ್ತಾರೆ. ಅದಕ್ಕೆ ‘ನೈಜಸಮಯ’ ಎನ್ನುವ ಪದ ನೋಡಿದ್ದೇನೆ, ಅದು ಬ್ಯಾಂಕಿನ ಕಾಗದದ ಹಾಗಿದೆ. ಕಳ್ಳ–ಪೊಲೀಸ್ ಆಡುವಾಗ ‘ಟೈಂಪ್ಲೀಸ್’ ಎಂದು ಕೂಗಿ ನಿಲ್ಲುತ್ತಿದ್ದೆವಲ್ಲ, ಅಂಥದ್ದು. ಸದ್ಯಕ್ಕೆ ‘ಟೈಂಪ್ಲೀಸ್ ಇರುವ ಓಟ’ ಎಂದು ಬರೆದಿಟ್ಟಿದ್ದೇನೆ. ನಗಬೇಡಿ, ಹುಡುಗನಿಗೆ ಥಟ್ಟನೆ ಅರ್ಥವಾಯಿತು.

ಒಂದು ಪದ ಮಾತ್ರ ತಾನಾಗಿ ಕೂಡಿಬಂತು. ಇಂಥ ಆಟಗಳಿಗೆ ‘ಫೋರ್ ಎಕ್ಸ್’ ಎನ್ನುತ್ತಾರೆ. 1993ರಲ್ಲಿ ಮಾಸ್ಟರ್ ಆಫ್ ಓರಿಯನ್ ಎಂಬ ಇಂಥದ್ದೇ ಆಟದ ಬಗ್ಗೆ ಪತ್ರಿಕೆಯೊಂದರಲ್ಲಿ ಬರೆಯುತ್ತಾ ಆಲನ್ ಎಮ್ರಿಚ್ ಎಂಬವರು ಇಟ್ಟ ಹೆಸರು. ಎಕ್ಸ್‌ಪ್ಲೋರ್, ಎಕ್ಸ್‌ಪ್ಯಾಂಡ್, ಎಕ್ಸ್‌ಪ್ಲಾಯ್ಟ್, ಎಕ್ಸ್‌ಟರ್ಮಿನೇಟ್. ನಾನು ಹುಡುಕು, ಹಬ್ಬು, ಹಿಂಡು, ಹೊಸಕು ಎಂದು ಬರೆದೆ. ನಾಲ್ಕು ಹಕಾರ! ಹಕಾರ ನುಂಗುವ ಊರಿನವರು ಕ್ಷಮಿಸಬೇಕು. ‘ಹಿಂಡು’ ಎಂದರೆ ದನದ ಹಿಂಡು ಎಂದುಕೊಂಡಾರು ಎಂಬ ಅಳುಕಿದೆ, ‘ಹೀರು’ ಎಂದು ಬದಲಿಸಲೇ?

ಅಂದ ಹಾಗೆ, ಹುಡುಗನಿಗೆ ನಾನು ಹೇಳಿದ್ದು ಎಂಡ್‌ಲೆಸ್ ಸ್ಪೇಸ್. ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡುವವನು. ಅಕ್ಕ ಊಟಕ್ಕೆ ಕರೆದರೆ ಎದ್ದು ಹೋಗಬಹುದು, ಸ್ಪೇಸ್ ಬಾರ್ ಒತ್ತಲು ಮರೆತರೂ ಯಾರೂ ಅವನ ಗ್ರಹ ಕಿತ್ತುಕೊಳ್ಳುವುದಿಲ್ಲ. ಆದರೆ ಪುಟ ಇನ್ನೂ ಅರ್ಧದಲ್ಲೇ ಇದೆ. ಮನೆಯಲ್ಲಿ ಹಿರಿಯರಿದ್ದರೆ ಮಣೆ ಎದುರು ಕೂರಿಸಿ ಕೇಳಿ, ಅವರ ಬಾಯಿಂದ ಬಂದದ್ದನ್ನು ಊರಿನ ಹೆಸರಿನ ಜೊತೆ ಬರೆಯಿರಿ.