ಮಳೆಗಾಲದಲ್ಲಿ ಟೆನಿಸ್ ಮಕ್ಕಳ ಫಿಟ್‌ನೆಸ್: ಗೊತ್ತಿರುವವರು ಹೇಳಿ

ಪ್ರಶ್ನೆ (ಮಡಿಕೇರಿ): ಮಗಳಿಗೆ 14, ರಾಜ್ಯಮಟ್ಟದ ಟೂರ್ನಿ ಆಡ್ತಾಳೆ. ಮೂರನೇ ಸೆಟ್‌ಗೆ ಕಾಲು ಸೋಲುತ್ತೆ. ಸರ್ವ್ ಮಾಡಿದ ಮೇಲೆ ಭುಜದ ಹಿಂಭಾಗ ನೋವು. ಜೂನ್ ಬಂದರೆ ಕೋರ್ಟ್ ಒಣಗೋದೇ ಇಲ್ಲ. ದಿನಾ 5 ಕಿ.ಮೀ. ಓಡಿಸ್ತಿದ್ದೇವೆ, ಸಾಕಾ?

ಕೋಚ್, ಗೋಣಿಕೊಪ್ಪ: ದಿನಾ 5 ಕಿ.ಮೀ. ಬೇಡ ಅಕ್ಕ. ಹೆಚ್ಚಿನ ಪಾಯಿಂಟ್ 10 ಸೆಕೆಂಡಿನೊಳಗೆ ಮುಗಿಯುತ್ತೆ. ಮುಂದಿನ ಸರ್ವ್‌ಗೆ ನಿಯಮ ಕೊಡೋದು 25 ಸೆಕೆಂಡು, ಕೋರ್ಟಿನ ಬದಿ ಬದಲಿಸುವಾಗ 90. ಕಸರತ್ತೂ ಅದೇ ಲೆಕ್ಕದಲ್ಲಿರಲಿ. ಸಿಂಗಲ್ಸ್ ಕೋರ್ಟಿನ ಅಗಲ 8.23 ಮೀಟರ್, ಶಾಲೆಯ ಹಾಲ್‌ನಲ್ಲಿ ಅಷ್ಟು ದೂರಕ್ಕೆ ಎರಡು ಗೆರೆ ಎಳೆಯಿರಿ. ಸ್ಪ್ಲಿಟ್ ಸ್ಟೆಪ್ (ಕಾಲು ಅಗಲಿಸಿ ಇಳಿಯೋ ಸಣ್ಣ ಜಿಗಿತ) ಹಾಕಿ, 8 ಸೆಕೆಂಡು ಗೆರೆಯಿಂದ ಗೆರೆಗೆ ಪೂರ್ತಿ ವೇಗ, 25 ಸೆಕೆಂಡು ನಡಿಗೆ. ಹೀಗೆ 6 ಸಲ ಆದ ಮೇಲೆ 90 ಸೆಕೆಂಡು ಕೂರಲಿ. ಒಟ್ಟು 3 ಸುತ್ತು, ವಾರಕ್ಕೆ 2 ದಿನ, ಬೆನ್ನು ಬೆನ್ನಿಗೆ ಬೇಡ. ಮುಟ್ಟಿದ ಗೆರೆ ಎಣಿಸಿ. ಒಂದು ಕಮ್ಮಿಯಾದರೆ ಅವತ್ತಿಗೆ ನಿಲ್ಲಿಸಿ. ಸುಸ್ತಾದ ಮೇಲೂ ಓಡಿಸಿದರೆ ದೇಹ ನಿಧಾನದ ಹೆಜ್ಜೆಯನ್ನೇ ಕಲಿಯುತ್ತೆ.

ಫಿಸಿಯೋ, ವಿರಾಜಪೇಟೆ: ಭುಜವನ್ನು ಮೊದಲು ಡಾಕ್ಟರಿಗೆ ತೋರಿಸಿ, ಅಲ್ಲಿವರೆಗೆ ಸರ್ವ್ ಕಮ್ಮಿ ಮಾಡಿ. ಚೆಂಡು ಹೊಡೆದ ಮೇಲೆ ಕೈಗೆ ಬ್ರೇಕ್ ಹಾಕೋದು ಭುಜದ ಹಿಂದಿನ ಸಣ್ಣ ಸ್ನಾಯುಗಳು. ಅವು ಸೋತರೆ ಇಂಥ ನೋವು ಬರುತ್ತೆ. ಡಾಕ್ಟರ್ ಒಪ್ಪಿದ ಮೇಲೆ ರಬ್ಬರ್ ಬ್ಯಾಂಡ್ ಶುರುಮಾಡಿ. ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟು, ಮುಂಗೈಯನ್ನು ಹೊರಕ್ಕೆ ಎಳೆದು, 3 ಸೆಕೆಂಡಿನಲ್ಲಿ ಮೆಲ್ಲಗೆ ಒಳಕ್ಕೆ ಬಿಡಬೇಕು. 15ರಂತೆ 2 ಸುತ್ತು, ವಾರಕ್ಕೆ 3 ದಿನ. ಟವೆಲ್ ಬಿದ್ದರೆ ಬ್ಯಾಂಡ್ ಗಟ್ಟಿಯಾಯ್ತು ಅಂತಲೇ ಅರ್ಥ, ತೆಳುವಾದದ್ದು ತನ್ನಿ.

ಟ್ರೇನರ್, ಪೊನ್ನಂಪೇಟೆ: ಮಳೆಗಾಲ ಬಲ ಕಟ್ಟೋಕೆ ಒಳ್ಳೆ ಸಮಯ. ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿ ಇಳಿದು ಏಳೋ ಸ್ಪ್ಲಿಟ್ ಸ್ಕ್ವಾಟ್, ಕಾಲಿಗೆ 8ರಂತೆ 3 ಸುತ್ತು. 2 ಕೆ.ಜಿ. ಮೆಡಿಸಿನ್ ಬಾಲನ್ನು (ಕಸರತ್ತಿನ ಭಾರದ ಚೆಂಡು) ಸೊಂಟ ತಿರುಗಿಸಿ ಗೋಡೆಗೆ ಎಸೆತ, ಎರಡೂ ಕಡೆ 6ರಂತೆ 3 ಸುತ್ತು. ಕೈಯಿಂದ ಮಾತ್ರ ಎಸೆದರೆ ಪ್ರಯೋಜನವಿಲ್ಲ. ಮಳೆ ಬಿಟ್ಟಾಗ ನಮ್ಮ ಏರು ರಸ್ತೆಯಲ್ಲಿ 20 ಮೀಟರ್ ಓಟ 6 ಸಲ ಆಗಬಹುದು, ಆದರೆ ಇಳಿಯುವಾಗ ನಡೆದೇ ಬರಲಿ. ಇಳಿಜಾರಿನ ಓಟ ಮೊಣಕಾಲಿಗೆ ಪೆಟ್ಟು. ಬೆಳೆಯೋ ವಯಸ್ಸಲ್ವಾ, ಮಂಡಿಚಿಪ್ಪಿನ ಕೆಳಗೆ ನೋವು ಅಂದರೆ ಜಿಗಿತ, ಓಟ ಎರಡನ್ನೂ ತಗ್ಗಿಸಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ. ಮುಂದಿನ ಟೂರ್ನಿ ಮಂಗಳೂರಲ್ಲಿ. ಆ ವಾರ ಏನು ಮಾಡಿಸಲಿ?

ಕೋಚ್, ಗೋಣಿಕೊಪ್ಪ: ಸುತ್ತು ಅರ್ಧ ಮಾಡಿ, ವೇಗ ಹಾಗೇ ಇರಲಿ. ಭಾರದ ಕಸರತ್ತು ಪಂದ್ಯಕ್ಕೆ 3 ದಿನ ಮೊದಲೇ ನಿಲ್ಲಲಿ. ನಮ್ಮ ತಂಪಿನಿಂದ ಇಳಿದವರಿಗೆ ಅಲ್ಲಿನ ಸೆಕೆ ಒಗ್ಗೋಕೆ ಒಂದೆರಡು ವಾರ ಬೇಕು. ಅಷ್ಟು ಆಗದಿದ್ದರೂ ಕೆಲವು ದಿನ ಮುಂಚೆ ಹೋಗಿ. ಅಭ್ಯಾಸಕ್ಕೆ ಮೊದಲು, ಆಮೇಲೆ ತೂಕ ನೋಡಿ, 1 ಕೆ.ಜಿ. ಇಳಿದರೆ ಸುಮಾರು 1 ಲೀಟರ್ ನೀರು ಹೋಗಿದೆ. ನೀರಿನ ಜೊತೆ ಉಪ್ಪೂ ಸೇರಲಿ.