ವಕೀಲರನ್ನು ಕೇಳಿ: ಸ್ಕ್ಯಾನಿಂಗ್ ಸೆಂಟರ್‌ನ ರಿಜಿಸ್ಟರ್ ನನ್ನ ಮೊಬೈಲಿನಲ್ಲಿದೆ, ಹಾಕಬಹುದಾ?

ಪ್ರಶ್ನೆ (ವರದಿಗಾರ, ಬಾಗಲಕೋಟೆ ಜಿಲ್ಲೆ):
ಅಕ್ಕಾರ, ನಮಸ್ಕಾರ. ಊರಿನ ಹೆಸರು ಹೇಳುವುದಿಲ್ಲ. ನಮ್ಮ ಕಡೆಯ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಹೇಳುತ್ತಾರೆ ಎಂಬ ಮಾತು ಎರಡು ವರ್ಷದಿಂದ ಇದೆ. ಮಹಾರಾಷ್ಟ್ರದ ನಂಬರಿನ ಗಾಡಿಗಳೂ ಬರುತ್ತವೆ. ಅಲ್ಲಿ ಕೆಲಸ ಮಾಡುವ ಒಬ್ಬರು ಹೋದ ವಾರ ನನಗೆ 41 ಫೋಟೋ ಕೊಟ್ಟರು. ಎಲ್ಲಾ ಫಾರ್ಮ್ ಎಫ್ ಹಾಳೆಗಳು, ಅಂದರೆ ಗರ್ಭಿಣಿಗೆ ಸ್ಕ್ಯಾನ್ ಮಾಡುವಾಗ ಸೆಂಟರ್‌ನವರು ತುಂಬಿ ಇಡಬೇಕಾದ ಫಾರ್ಮ್. ಹೆಂಗಸರ ಹೆಸರು, ಗಂಡನ ಹೆಸರು, ಊರು, ಫೋನ್ ನಂಬರ್, ಮೊದಲಿನ ಮಕ್ಕಳು ಗಂಡೆಷ್ಟು ಹೆಣ್ಣೆಷ್ಟು, ಎಲ್ಲಾ ಇದೆ. ಬಹಳ ಜನಕ್ಕೆ ಎರಡು ಹೆಣ್ಣುಮಕ್ಕಳು.

ಸಂಪಾದಕರು ಹಾಳೆಗಳನ್ನ ಹಾಗೇ ಪೇಜಿಗೆ ಹಾಕೋಣ ಅಂತಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ಇಷ್ಟು ದೊಡ್ಡ ತಪ್ಪನ್ನು ಹೊರಗೆ ತರುವಾಗ ಪತ್ರಕರ್ತ ಖಾಸಗಿತನದ ಕಾನೂನು ಮುರಿದರೆ ನಡೆಯುತ್ತದಾ? ಇನ್ನೊಂದು, ಒಬ್ಬ ಗರ್ಭಿಣಿಯನ್ನು ಕರೆದುಕೊಂಡು ಗುಪ್ತ ಕ್ಯಾಮೆರಾ ಇಟ್ಟುಕೊಂಡು ಒಳಗೆ ಹೋಗುವ ಯೋಚನೆಯೂ ಇದೆ.

ಉತ್ತರ (ವಕೀಲೆ, ಬೆಳಗಾವಿ):
ತಮ್ಮಾ, ಧೈರ್ಯ ಸಾಲುತ್ತಿಲ್ಲ ಅಂದೆಯಲ್ಲ, ಅದು ಒಳ್ಳೆಯದೇ. ಕರಿ ಕೋಟು ಹಾಕುವ ಮೊದಲು ನಾನೂ ಪತ್ರಿಕೆಯ ಡೆಸ್ಕ್‌ನಲ್ಲಿ ಕೂತವಳು. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

ಕಾನೂನು ಏನನ್ನುತ್ತದೆ ಎಂಬುದನ್ನು ಮೊದಲು ನೋಡು. ನಮ್ಮ ದೇಶದಲ್ಲಿ ಪತ್ರಕರ್ತನಿಗೆ ಬೇರೆ ಲೈಸೆನ್ಸ್ ಇಲ್ಲ. ಸಂವಿಧಾನದ 19(1)(ಎ) ವಿಧಿ ನಿನಗೆ ಕೊಟ್ಟಿರುವ ಮಾತಿನ ಹಕ್ಕು ನಿನ್ನ ಓಣಿಯ ಕಿರಾಣಿ ಅಂಗಡಿಯವರಿಗೂ ಅಷ್ಟೇ ಇದೆ. ಬೈಕಿನ ಮೇಲೆ ‘ಪ್ರೆಸ್’ ಅಂತ ಬರೆಸಿದರೆ ಅದು ಒಂದಿಂಚೂ ಹೆಚ್ಚುವುದಿಲ್ಲ. ಇನ್ನೊಂದು ತಕ್ಕಡಿಯಲ್ಲಿ ಖಾಸಗಿತನವಿದೆ. ಆಧಾರ್ ವಿರುದ್ಧ ಕೋರ್ಟಿಗೆ ಹೋದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದರು.

ನಿನ್ನ ಹಾಳೆಗಳಿಗೆ ಅದಕ್ಕಿಂತ ಹತ್ತಿರದ ತೀರ್ಪು ಇನ್ನೊಂದಿದೆ. 1994ರ ರಾಜಗೋಪಾಲ್ ಪ್ರಕರಣ. ‘ಆಟೋ ಶಂಕರ್ ಕೇಸು’ ಅಂತ ಕೇಳಿರಬಹುದು. ಜೈಲಿನಲ್ಲಿದ್ದ ಕೊಲೆ ಅಪರಾಧಿಯೊಬ್ಬನ ಆತ್ಮಕಥೆಯನ್ನು ತಮಿಳಿನ ನಕ್ಕೀರನ್ ಪತ್ರಿಕೆ ಅಚ್ಚು ಹಾಕಲು ಹೊರಟಿತ್ತು. ತಮ್ಮ ಬಣ್ಣ ಬಯಲಾಗುತ್ತದೆ ಎಂದು ಅಧಿಕಾರಿಗಳು ಅಡ್ಡ ಬಂದರು. ಕೋರ್ಟು ಪತ್ರಿಕೆಯ ಪರ ನಿಂತಿತು. ಅಧಿಕಾರಿ ತನ್ನ ಹುದ್ದೆಯ ಕೆಲಸದಲ್ಲಿ ಮಾಡಿದ್ದಕ್ಕೆ ಖಾಸಗಿತನದ ಮರೆ ಸಿಗುವುದಿಲ್ಲ, ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಬರೆಯಬಹುದು ಎಂದಿತು. ಆದರೆ ಅದೇ ತೀರ್ಪು ಒಪ್ಪಿಗೆ ಇಲ್ಲದೆ ಬರೆಯಬಾರದ ವಿಷಯಗಳ ಪಟ್ಟಿಯನ್ನೂ ಕೊಟ್ಟಿದೆ. ಸಂಸಾರ, ಮದುವೆ, ಮಕ್ಕಳನ್ನು ಹೆರುವುದು, ತಾಯ್ತನ. ನಿನ್ನ ಮೊಬೈಲಿನ 41 ಫೋಟೋಗಳಲ್ಲಿ ಇರುವುದು ಬೇರೇನು ಹೇಳು? ಫಾರ್ಮ್ ಎಫ್ ಸಾರ್ವಜನಿಕ ದಾಖಲೆ ಅಲ್ಲ. ಅದನ್ನು ಇಟ್ಟಿರುವುದು ಅಧಿಕಾರಿಗಳು ಬಂದು ಪರೀಕ್ಷೆ ಮಾಡಲಿ ಎಂದು. ಆ ಹೆಂಗಸರಲ್ಲಿ ಒಬ್ಬಳು ಪರಿಹಾರ ಕೇಳಿ ದಾವೆ ಹಾಕಿದರೆ ನಿನ್ನ ಸಂಪಾದಕರು ಏನು ಉತ್ತರ ಕೊಡುತ್ತಾರೆ?

ಹಾಗಾದರೆ ಫೋಟೋ ಇಟ್ಟುಕೊಂಡದ್ದೇ ತಪ್ಪಾ? ಅಲ್ಲ, ನನ್ನ ಪ್ರಕಾರ ಅಲ್ಲ. ಇಲ್ಲಿ ಮುಚ್ಚಿಟ್ಟಿರುವುದು ಎರಡು ಜನರ ಗುಟ್ಟು. ಒಂದು ಸೆಂಟರ್‌ನವರದು, ಇನ್ನೊಂದು ಆ ಹೆಂಗಸರದು. ಸೆಂಟರ್‌ನವರ ಗುಟ್ಟು ಒಡೆಯಲು ನಿನಗೆ ಒಳ್ಳೆಯ ಕಾರಣ ಇದೆ. 2022ರ ಜೂನ್‌ನಲ್ಲಿ ಮೂಡಲಗಿಯ ಹಳ್ಳದಲ್ಲಿ ಏಳು ಭ್ರೂಣ ಸಿಕ್ಕಿದ್ದನ್ನು ಈ ಭಾಗದ ಯಾರೂ ಮರೆತಿಲ್ಲ. 2024ರಲ್ಲಿ ಮಹಾಲಿಂಗಪುರದ ಒಂದು ಮನೆಯಲ್ಲಿ ಗರ್ಭಪಾತ ಮಾಡಿಸಿಕೊಂಡ ಮಹಾರಾಷ್ಟ್ರದ ಹೆಣ್ಣುಮಗಳು ಸತ್ತೇ ಹೋದಳು. ಹೆಂಗಸರ ಗುಟ್ಟು ಒಡೆಯಲು ನಿನಗೆ ಯಾವ ಕಾರಣವೂ ಇಲ್ಲ. ಹಾಳೆಗಳಿಂದ ಲೆಕ್ಕ ತೆಗೆ. ತಿಂಗಳಿಗೆ ಎಷ್ಟು ಸ್ಕ್ಯಾನ್, ಎಷ್ಟು ಜನಕ್ಕೆ ಮೊದಲಿನದು ಎರಡೂ ಹೆಣ್ಣು, ಕಾರಣ ಬರೆಯುವ ಕಾಲಂ ಎಲ್ಲೆಲ್ಲಿ ಖಾಲಿ. ಫಾರ್ಮ್ ಸರಿಯಾಗಿ ತುಂಬದಿದ್ದರೆ ಅದೇ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಲ್ಲಿ ತಪ್ಪಾಗುತ್ತದೆ. ಸುದ್ದಿ ಅಲ್ಲಿದೆ. ಹೆಸರಿನಲ್ಲಿ ಇಲ್ಲ.

ಸದಸ್ಯರು (ಜಮಖಂಡಿ):
ಮೇಡಂ, ನಾನು ಒಪ್ಪೋದಿಲ್ಲ. ಹೆಣ್ಣು ಕೂಸು ಬೇಡ ಅಂತ ಹೋದವರಿಗೆ ಎಂಥ ಖಾಸಗಿತನ? ಹೆಸರು ಹಾಕಲಿ, ನಾಚಿಕೆಯಾದರೂ ಬರಲಿ.

ಉತ್ತರ (ವಕೀಲೆ, ಬೆಳಗಾವಿ):
ಸರ್, ಸಿಟ್ಟು ಅರ್ಥ ಆಗುತ್ತದೆ. ಆದರೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ 24ನೇ ಸೆಕ್ಷನ್ ನೋಡಿ. ಗಂಡ ಅಥವಾ ಅವನ ಮನೆಯವರ ಒತ್ತಾಯದಿಂದಲೇ ಆಕೆ ಪರೀಕ್ಷೆಗೆ ಹೋದಳು ಎಂದು ಕೋರ್ಟು ಮೊದಲೇ ಊಹಿಸಿಕೊಳ್ಳಬೇಕು. ಅಲ್ಲ ಅನ್ನುವವರು ಸಾಬೀತು ಮಾಡಬೇಕು. ಕಾನೂನು ಮಾಡಿದವರಿಗೆ ನಮ್ಮ ಮನೆಗಳು ಗೊತ್ತಿದ್ದವು. ಇನ್ನೊಂದು, 41 ಜನರಲ್ಲಿ ಸುಮ್ನೆ ಐದನೇ ತಿಂಗಳ ಸ್ಕ್ಯಾನ್‌ಗೆ ಹೋದವರು ಎಷ್ಟು ಜನ? ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರನ್ನೂ ಅದೇ ಪೇಜಿನಲ್ಲಿ ನಿಲ್ಲಿಸುತ್ತೀರಾ?

ನನ್ನದೇ ಒಂದು ತಪ್ಪು ಹೇಳುತ್ತೇನೆ. ಡೆಸ್ಕ್‌ನಲ್ಲಿದ್ದಾಗ ಒಬ್ಬ ಹುಡುಗಿಯ ಮೇಲಾದ ದೌರ್ಜನ್ಯದ ಸುದ್ದಿ ನನ್ನ ಕೈಯಿಂದ ಪೇಜಿಗೆ ಹೋಯಿತು. ಹೆಸರು ಹಾಕಿರಲಿಲ್ಲ. ಬಹಳ ಜಾಗ್ರತೆ ಮಾಡಿದೆ ಅಂದುಕೊಂಡಿದ್ದೆ. ಊರಿನ ಹೆಸರಿತ್ತು, ‘ಹಿಟ್ಟಿನ ಗಿರಣಿಯವರ ಮಗಳು’ ಅಂತ ಇತ್ತು. ಆ ಊರಿಗೆ ಇದ್ದದ್ದು ಒಂದೇ ಗಿರಣಿ. ಮರುವರ್ಷ ಆ ಮನೆಯವರು ಊರು ಬಿಟ್ಟರು. ಕೇಸು ಆಗಲಿಲ್ಲ, ಯಾರೂ ನನ್ನನ್ನು ಕೇಳಲಿಲ್ಲ. ಇವತ್ತಿಗೂ ಗಿರಣಿ ಸದ್ದು ಕೇಳಿದರೆ ನನಗೆ ಅದೇ ನೆನಪು.

ಸದಸ್ಯರು (ನಿವೃತ್ತ ಉಪಸಂಪಾದಕ, ವಿಜಯಪುರ):
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಾಲದಲ್ಲಿ ಇದನ್ನು ಬರೀ ನೀತಿಯ ಮಾತು ಅಂದುಕೊಂಡಿದ್ದೆವು. ಈಗ ಜೈಲಿನ ಮಾತು. ಹೊಸ ಹುಡುಗರಿಗಾಗಿ ಆ ಸೆಕ್ಷನ್‌ಗಳನ್ನು ಹೇಳಿಬಿಡಿ.

ಉತ್ತರ (ವಕೀಲೆ, ಬೆಳಗಾವಿ):
ಹೇಳುತ್ತೇನೆ ಸರ್. ಇವು ‘ಸಾರ್ವಜನಿಕ ಹಿತ’ ಎಂದು ವಾದ ಮಾಡಿ ದಾಟುವ ಗೆರೆಗಳಲ್ಲ.

ಅತ್ಯಾಚಾರದಂಥ ಪ್ರಕರಣದಲ್ಲಿ ಸಂತ್ರಸ್ತೆಯ ಗುರುತು ಹಾಕಿದರೆ ಎರಡು ವರ್ಷದವರೆಗೆ ಜೈಲು. ಹಳೆಯ ಐಪಿಸಿ 228ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 72. ಆಕೆ ತೀರಿಕೊಂಡಿದ್ದರೂ ಸುಮ್ಮನೆ ಹೆಸರು ಹಾಕುವಂತಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಮಗುವಿನ ಹೆಸರು, ಫೋಟೋ ಹಾಕಿದ ಮಾಧ್ಯಮ ಸಂಸ್ಥೆಗಳಿಗೆ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ಕಟ್ಟಿಸಿತು. ಮಕ್ಕಳ ವಿಷಯದಲ್ಲಿ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಇನ್ನೂ ಬಿಗಿ. ಹೆಸರು ಮಾತ್ರ ಅಲ್ಲ, ಶಾಲೆ, ಓಣಿ, ಮನೆಯವರ ವಿವರ ಯಾವುದೂ ಬೇಡ. ಅಂದರೆ ನನ್ನ ಗಿರಣಿಯೂ ಬೇಡ. ಕಾರವಾರದ ಒಂದು ಕನ್ನಡ ಪತ್ರಿಕೆಯ ಸಂಪಾದಕರ ಮೇಲೆ ಇದೇ ಸೆಕ್ಷನ್‌ನಲ್ಲಿ ಕೇಸಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆ ಮಾಡಬಹುದಾ ಎಂಬ ಬಗ್ಗೆ 2022ರಲ್ಲಿ ಇಬ್ಬರು ನ್ಯಾಯಮೂರ್ತಿಗಳೂ ಬೇರೆ ಬೇರೆ ಹೇಳಿದರು. ಬರೆದದ್ದು ಒಂದು ಸಣ್ಣ ಸುದ್ದಿ, ಅಲೆದದ್ದು ವರ್ಷಗಟ್ಟಲೆ.

2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನಲ್ಲಿ ಒಬ್ಬ ತಾಯಿಯನ್ನು ಬೆತ್ತಲೆ ಮಾಡಿದ ಪ್ರಕರಣ ನಡೆಯಿತಲ್ಲ, ಆಗ ಹೈಕೋರ್ಟ್ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. ಬಂದುಬಂದವರೆಲ್ಲ ಆಸ್ಪತ್ರೆಗೆ ಹೋಗಿ ಆಕೆಯನ್ನು ಕಾಣುವುದಕ್ಕೆ ತಡೆ ಹಾಕಬೇಕಾಯಿತು. ಅನುಕಂಪಕ್ಕೂ ಒಂದು ಮಿತಿ ಬೇಕಾಗುತ್ತದೆ ನೋಡಿ.

ಪ್ರಶ್ನೆ (ವರದಿಗಾರ, ಬಾಗಲಕೋಟೆ ಜಿಲ್ಲೆ):
ಹೆಸರು ಹಾಕುವುದಿಲ್ಲ ಅಕ್ಕಾರ, ತೀರ್ಮಾನ ಆಯಿತು. ಆದರೆ ಬರೀ ಲೆಕ್ಕ ಹಾಕಿದರೆ ಸೆಂಟರ್‌ನವರು ‘ಸುಳ್ಳು’ ಅಂತಾರೆ. ಅದಕ್ಕೇ ಕ್ಯಾಮೆರಾ.

ಉತ್ತರ (ವಕೀಲೆ, ಬೆಳಗಾವಿ):
ಕ್ಯಾಮೆರಾ ಬಗ್ಗೆ ಕೋರ್ಟುಗಳು ಒಂದೇ ಮಾತು ಹೇಳಿಲ್ಲ. ಸಂಸತ್ತಿನಲ್ಲಿ ಪ್ರಶ್ನೆ ಕೇಳಲು ದುಡ್ಡು ತೆಗೆದುಕೊಂಡ 11 ಸಂಸದರು 2005ರಲ್ಲಿ ಹೊರಬಿದ್ದದ್ದು ಕುಟುಕು ಕಾರ್ಯಾಚರಣೆ (ಸ್ಟಿಂಗ್), ಅಂದರೆ ಗುಪ್ತ ಕ್ಯಾಮೆರಾದಿಂದಲೇ. ಆಮೇಲೆ ಪೊಲೀಸರು ‘ಲಂಚ ಕೊಟ್ಟಿದ್ದೀರಿ’ ಎಂದು ಪತ್ರಕರ್ತರ ಮೇಲೂ ಕೇಸು ಹಾಕಿದರು. 2010ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಓದಿ ಖುಷಿಪಟ್ಟಿದ್ದೆವು. 2014ರಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಸ್ವಲ್ಪ ತಣ್ಣೀರು ಹಾಕಿತು. ಕ್ಯಾಮೆರಾ ಇಟ್ಟವನು ತಾನಾಗಿಯೇ ನಿರಪರಾಧಿ ಆಗುವುದಿಲ್ಲ, ಅವನ ಉದ್ದೇಶ ಏನಿತ್ತು ಎಂಬುದು ವಿಚಾರಣೆಯಲ್ಲಿ ತೀರ್ಮಾನವಾಗಬೇಕು ಎಂದಿತು.

ಉದ್ದೇಶ ಕೆಟ್ಟಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 2007 ನೆನಪಿಸಿಕೋ. ದೆಹಲಿಯ ಒಬ್ಬ ಶಿಕ್ಷಕಿ ವಿದ್ಯಾರ್ಥಿನಿಯರನ್ನು ವೇಶ್ಯಾವಾಟಿಕೆ ದಂಧೆಗೆ ತಳ್ಳುತ್ತಾರೆ ಎಂದು ಒಂದು ಚಾನೆಲ್ ತೋರಿಸಿತು. ಜನ ಶಾಲೆಗೇ ನುಗ್ಗಿ ಅವರನ್ನು ಹೊಡೆದರು. ಕೊನೆಗೆ ಗೊತ್ತಾದದ್ದು, ಇಡೀ ಸ್ಟಿಂಗ್ ಕಟ್ಟುಕಥೆ.

ನಿನ್ನ ಯೋಜನೆಯಲ್ಲಿ ಇನ್ನೂ ಒಂದು ಗುಂಡಿ ಇದೆ. ಲಿಂಗ ಪತ್ತೆ ಮಾಡಿಕೊಡಿ ಎಂದು ಕೇಳುವವನಿಗೂ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಗಂಡನ ವೇಷ ಹಾಕಿ ಒಳಗೆ ಕೂತು ಕೇಳುವವನು ನೀನು. ವಿಡಿಯೋದಲ್ಲಿ ಸಾಕ್ಷಿ ಸಮೇತ ಸಿಗುವವನೂ ನೀನೇ. ಜೊತೆಗೆ ಆ ಗರ್ಭಿಣಿಯ ಗತಿ ಏನು? ಆಕೆಯ ಹೊಟ್ಟೆ ನಿನ್ನ ಸುದ್ದಿಯ ಸಾಮಾನಲ್ಲ. ಅದರ ಮೇಲೆ, ಸ್ಕ್ಯಾನ್ ಕೋಣೆಯಲ್ಲಿ ಬೇರೆ ಹೆಂಗಸರ ಮೈ ಕ್ಯಾಮೆರಾಕ್ಕೆ ಬಿದ್ದರೆ ಐಟಿ ಕಾಯ್ದೆಯ 66ಇ ಬರುತ್ತದೆ.

ಇದಕ್ಕೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಲ್ಲೇ ಒಂದು ದಾರಿ ಇದೆ, ಪತ್ರಕರ್ತರು ಯಾಕೋ ಬಳಸುವುದಿಲ್ಲ. 28ನೇ ಸೆಕ್ಷನ್. ಯಾರು ಬೇಕಾದರೂ ಸಕ್ಷಮ ಪ್ರಾಧಿಕಾರಕ್ಕೆ (ಈ ಕಾಯ್ದೆ ಜಾರಿ ಮಾಡುವ ಅಧಿಕಾರಿಗೆ) ‘ಇಂಥಲ್ಲಿ ಇಂಥ ಅಪರಾಧ ನಡೆಯುತ್ತಿದೆ, ಕೋರ್ಟಿಗೆ ದೂರು ಕೊಡುತ್ತೇನೆ’ ಎಂದು 15 ದಿನಗಳ ನೋಟಿಸ್ ಕೊಡಬಹುದು. ಅವರು ಸುಮ್ಮನಿದ್ದರೆ ನೇರವಾಗಿ ಕೋರ್ಟಿಗೆ ಹೋಗಬಹುದು. ಪ್ರಾಧಿಕಾರ ಯಾರು ಎಂದು ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಯಲ್ಲಿ ಕೇಳು. ಗರ್ಭಿಣಿಯನ್ನು ಕಳಿಸಿ ಹಿಡಿಯುವ ಕೆಲಸವನ್ನು ಅವರೇ ಮಾಡಲಿ, ನೀನು ಜೊತೆಗಿದ್ದು ಬರಿ. ಸುಮ್ಮನಿದ್ದರೆ? ನಿನಗೆ ಎರಡು ಸುದ್ದಿ ಸಿಕ್ಕಿತು.

ಸದಸ್ಯರು (ನಿವೃತ್ತ ಉಪಸಂಪಾದಕ, ವಿಜಯಪುರ):
ಹಾಗಾದರೆ ಮೇಡಂ, ಕಾನೂನು ಮುರಿಯುವುದು ಎಂದೂ ಸರಿ ಅಲ್ಲ ಅಂತಲೇ? ಅಧಿಕಾರಿಗಳೇ ಸೆಂಟರ್‌ನವರ ಜೊತೆ ಸೇರಿದ್ದರೆ? ನೋಟಿಸ್ ಕೊಟ್ಟ ಸಂಜೆಯೇ ಮಷೀನು ಮಾಯ ಆಗುತ್ತದೆ.

ಉತ್ತರ (ವಕೀಲೆ, ಬೆಳಗಾವಿ):
ಸರ್, ಸರಿಯಾದ ಗಾಯಕ್ಕೇ ಕೈ ಹಾಕಿದಿರಿ. ಎಂದೂ ಸರಿ ಅಲ್ಲ ಅಂತ ನಾನು ಹೇಳಲಾರೆ. ಬೇರೆ ದಾರಿಗಳನ್ನು ನಿಜವಾಗಿ ನೋಡಿ ಮುಗಿಸಿದ್ದರೆ, ಒಡೆಯುವುದು ತಪ್ಪು ಮಾಡಿದವನ ಗುಟ್ಟನ್ನು ಮಾತ್ರ ಆಗಿದ್ದರೆ, ಬೇಕಾದಷ್ಟೇ ಒಡೆದರೆ, ನಾನು ಆ ವರದಿಗಾರನ ಪರ ಫೀಸಿಲ್ಲದೆ ನಿಲ್ಲುತ್ತೇನೆ. ಆದರೆ ಅವನು ‘ನಾನು ಕಾನೂನು ಮುರಿದಿಲ್ಲ’ ಅನ್ನಬಾರದು. ‘ಮುರಿದೆ, ಇಂಥ ಕಾರಣಕ್ಕೆ’ ಅನ್ನಬೇಕು. ಆ ಕಾರಣ ಕೆಲಸಕ್ಕೆ ಇಳಿಯುವ ಮೊದಲೇ ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಸಂಪಾದಕರ ಸಹಿ ಮಾಡಿಸಿ ಇಟ್ಟಿರಬೇಕು. ಸಿಕ್ಕಿಬಿದ್ದ ಮೇಲೆ ಹುಟ್ಟುವ ಸಾರ್ವಜನಿಕ ಹಿತವನ್ನು ಯಾವ ಜಡ್ಜೂ ನಂಬುವುದಿಲ್ಲ.

ಬ್ರಿಟನ್‌ನಲ್ಲಿ ಎರಡೂ ಬಗೆ ಆಗಿದೆ. ಅಲ್ಲಿಯ ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆಯವರು ಜನರ ಫೋನ್ ಸಂದೇಶ ಕದ್ದು ಕೇಳಿದ್ದರು. ಕೊಲೆಯಾದ ಹುಡುಗಿಯೊಬ್ಬಳ ಫೋನನ್ನೂ ಬಿಡಲಿಲ್ಲ. 2011ರ ಜುಲೈನಲ್ಲಿ 168 ವರ್ಷದ ಪತ್ರಿಕೆ ಮುಚ್ಚಿತು. ಅದೇ ದೇಶದಲ್ಲಿ ಸ್ಕೈ ನ್ಯೂಸ್‌ನವರು ಸತ್ತಂತೆ ನಾಟಕವಾಡಿ ವಿಮೆ ಹಣ ಹೊಡೆದವನ ಇಮೇಲ್ ತೆರೆದು ನೋಡಿದ್ದರು. ಅದನ್ನು ತಾವೇ ಒಪ್ಪಿಕೊಂಡರು, ಸಿಕ್ಕಿದ್ದನ್ನು ಪೊಲೀಸರಿಗೆ ಕೊಟ್ಟಿದ್ದರು. ಅವರ ಮೇಲೆ ಕೇಸು ಆಗಲಿಲ್ಲ. ಅಲ್ಲಿನ ದತ್ತಾಂಶ ಕಾನೂನಿನಲ್ಲಿ ಪತ್ರಿಕೋದ್ಯಮಕ್ಕೆ ವಿನಾಯಿತಿಯೂ ಇದೆ. ನಮ್ಮ 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಅದಿಲ್ಲ. 2018ರ ಕರಡಿನಲ್ಲಿ ಇತ್ತು, ಆಮೇಲೆ ಕೈಬಿಟ್ಟರು. ದಂಡ 250 ಕೋಟಿವರೆಗೆ ಹೋಗಬಹುದು. ತಾಲ್ಲೂಕು ಪತ್ರಿಕೆಗೆ 250 ಸಾವಿರವೇ ಸಾಕು ಬಾಗಿಲು ಹಾಕಲು. ಅದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ)ಯನ್ನೂ ತಿದ್ದಿದೆ. ಈಗ ‘ವೈಯಕ್ತಿಕ ಮಾಹಿತಿ’ ಎಂದು ಒಂದೇ ಸಾಲು ಬರೆದು ಅರ್ಜಿ ವಾಪಸ್ ಕಳಿಸುವುದು ಸುಲಭ. 8(2) ಇನ್ನೂ ಉಳಿದಿದೆ, ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಅನ್ನುತ್ತದೆ. ಅರ್ಜಿಯಲ್ಲೇ ಅದನ್ನು ಬರೆಯಿರಿ. ನೇರ ದಾರಿ ಮುಚ್ಚಿದಷ್ಟೂ ಹುಡುಗರು ಕಳ್ಳ ದಾರಿ ಹಿಡಿಯುತ್ತಾರೆ ಎಂಬುದು ಕಾನೂನು ಮಾಡುವವರಿಗೆ ಹೊಳೆಯುವುದಿಲ್ಲ.

ಇಷ್ಟು ಹೊತ್ತು ಎಲ್ಲರೂ ಮರೆತದ್ದು ಫೋಟೋ ಕೊಟ್ಟವರನ್ನು. ತಮ್ಮಾ, ಸುದ್ದಿ ಮೂಲ ಕಾಪಾಡುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಪ್ರೆಸ್ ಕೌನ್ಸಿಲ್ ಕಾಯ್ದೆಯಲ್ಲಿ ಒಂದು ಸಾಲಿದೆ, ಅದು ಕೌನ್ಸಿಲ್ ಮುಂದೆ ಮಾತ್ರ ನಡೆಯುತ್ತದೆ, ಪೊಲೀಸ್ ಠಾಣೆಯಲ್ಲಿ ಅಲ್ಲ. ಆ ರಿಜಿಸ್ಟರ್ ಮುಟ್ಟುವವರು ಸೆಂಟರ್‌ನಲ್ಲಿ ಎಷ್ಟು ಜನ ಇರಬಹುದು? ಮೂರು? ನಾಲ್ಕು? ಹಾಳೆಯ ಫೋಟೋ ಪೇಜಿನಲ್ಲಿ ಬಂದರೆ ಹೆಂಗಸರ ಹೆಸರು ಅಳಿಸಿದ್ದರೂ, ಯಾವ ಮೇಜಿನ ಮೇಲೆ, ಯಾವ ಕಿಟಕಿಯ ಬೆಳಕಿನಲ್ಲಿ ತೆಗೆದದ್ದು ಎಂದು ಅವರಿಗೆ ಗೊತ್ತಾಗುತ್ತದೆ. ಫೋಟೋ ನಿನ್ನ ಬಳಿ ಬಿಟ್ಟು ಬೇರೆ ಎಲ್ಲಿಯೂ ಇಲ್ಲ ತಾನೇ?

ಪ್ರಶ್ನೆ (ವರದಿಗಾರ, ಬಾಗಲಕೋಟೆ ಜಿಲ್ಲೆ):
ಅಕ್ಕಾರ, ನಿನ್ನೆ ರಾತ್ರಿ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಸಂಪಾದಕರು ನೋಡಲಿ ಅಂತ.

ಉತ್ತರ (ವಕೀಲೆ, ಬೆಳಗಾವಿ):
ಎಷ್ಟು ಜನ ಇದ್ದಾರೆ ಅದರಲ್ಲಿ?

ಪ್ರಶ್ನೆ (ವರದಿಗಾರ, ಬಾಗಲಕೋಟೆ ಜಿಲ್ಲೆ):
34. ಜಾಹೀರಾತಿನವರೂ ಇದ್ದಾರೆ.

ಉತ್ತರ (ವಕೀಲೆ, ಬೆಳಗಾವಿ):
ಆ ಸೆಂಟರ್‌ನ ಜಾಹೀರಾತು ತರುವವರು ಯಾರು ಅಂತ ನಾನು ಕೇಳುವುದಿಲ್ಲ. ಈಗಲೇ ಎಲ್ಲರಿಗೂ ಅಳಿಸುವ ಹಾಗೆ ಡಿಲೀಟ್ ಮಾಡು. ನಿನ್ನ ಬಳಿಯ ಮೂಲ ಮಾತ್ರ ಇರಲಿ. ಆಮೇಲೆ ಆ ಸಿಬ್ಬಂದಿಗೆ ಸಿಮ್ ಕಾಲ್ ಬೇಡ, ನೀನೇ ಹೋಗಿ ಭೇಟಿಯಾಗು, ಸೆಂಟರ್ ಹತ್ತಿರ ಅಲ್ಲ. ಆಗಿದ್ದನ್ನು ಆಗಿದ್ದ ಹಾಗೇ ಹೇಳು. ಅಲ್ಲಿಂದ ಹೊರಗೆ ಬಂದ ತಕ್ಷಣ ನನಗೆ ಫೋನ್ ಮಾಡು. ಇಲ್ಲಿ ಬರೆಯಬೇಡ.